ಭಾಗ್ಯಮ್ಮನ ಮನೆಯ ಬಸ್ಸಾರು

ಸೊಸೆ ತೇಜಸ್ವಿನಿ ಕೋಳಿ ಕೂಗುವ ಹೊತ್ತಿಗೇ ಎದ್ದು, ಅಡುಗೆ ಮುಗಿಸಿಟ್ಟೇ ಡ್ಯೂಟಿಗೆ ಹೋಗುತ್ತಾಳೆ ಎಂದು ಉದಯಗಿರಿಯ ಭಾಗ್ಯಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹಸಿ ಸುಳ್ಳು.

ಮಗ ಸಿದ್ದೇಶ, ಸೊಸೆ ಇಬ್ಬರೂ ಕಡಕೊಳದ ಒಂದೇ ಕಾರ್ಖಾನೆಯಲ್ಲಿದ್ದರು. ಪ್ಯಾಕಿಂಗಿಗೆ ಹೊಸ ಯಂತ್ರ ಬಂದಾಗ ಕಂಟ್ರಾಕ್ಟಿನಲ್ಲಿದ್ದ ಸಿದ್ದೇಶನನ್ನು ಮನೆಗೆ ಕಳಿಸಿದರು. ಯಂತ್ರ ನಡೆಸಲು ಕಲಿತ ತೇಜಸ್ವಿನಿಯನ್ನು ಕಾಯಂ ಮಾಡಿದರು. ಸಿದ್ದೇಶ ಕೆಲವು ದಿನ ಮಂಕಾಗಿ ಕೂತಿದ್ದ. ಆಮೇಲೊಂದು ಬೆಳಿಗ್ಗೆ ಎದ್ದು ಸೌಟು ಹಿಡಿದ. ಕೈ ಕುದುರಿಬಿಟ್ಟಿತು.

ಅವನ ಒಗ್ಗರಣೆಯ ಘಮ ಪಕ್ಕದ ಮನೆಯ ಸ್ಕೂಟರ್ ಮೆಕ್ಯಾನಿಕ್ ಜವರಯ್ಯನ ಮೂಗಿಗೆ ದಿನವೂ ಬಡಿಯುತ್ತಿತ್ತು.

"ಭಾಗ್ಯಕ್ಕ, ಬೀಗರು ಬರ್ತಾವ್ರೆ. ಸೋಮವಾರ, ಬಾಡೂಟ ಆಗಲ್ಲ. ನಿಮ್ ಸೊಸೆ ಕೈಲಿ ಬಸ್ಸಾರು ಮಾಡ್ಸ್‌ಕೊಡಿ" ಎಂದ.

"ಅದಕ್ಕೇನಂತೆ! ಅವತ್ತು ಅವಳಿಗೆ ರಜಾನೇ" ಅಂದುಬಿಟ್ಟಳು ಭಾಗ್ಯಮ್ಮ.

ಸುದ್ದಿ ಕೇಳಿ ತೇಜಸ್ವಿನಿ ಬೆಚ್ಚಿದಳು. "ಅತ್ತೆ, ನಂಗೆ ಸೊಪ್ಪು ಬೇಯಿಸಿ ಬಸಿಯೋದೇ ಗೊತ್ತಿಲ್ಲ, ಬಸ್ಸಾರು ಎಲ್ಲಿ ಬರುತ್ತೆ?"

"ಸುಮ್ನಿರಮ್ಮ. ಬಾಗ್ಲು ಹಾಕ್ಕೊಂಡು ಇವ್ನು ಮಾಡ್ಲಿ, ನೀನು ತಗೊಂಡೋಗಿ ಕೊಟ್ಬುಡು."

ಹಾಗೇ ಆಯಿತು. ಬಡಿಸಲು ಭಾಗ್ಯಮ್ಮನೂ ಸೊಸೆಯ ಜೊತೆ ಜವರಯ್ಯನ ಮನೆಗೆ ಹೋದಳು. ಆದರೆ ಜವರಯ್ಯನ ಬೀಗಿತ್ತಿ ಮುದ್ದೆಯ ತುತ್ತನ್ನು ಸಾರಿಗೆ ಅದ್ದಿ ನುಂಗಿದವಳೇ, ತೇಜಸ್ವಿನಿಯ ಕೈ ಹಿಡಿದುಕೊಂಡಳು. "ಏನೇನ್ ರುಬ್ಬಿ ಹಾಕ್ದೆ, ಹೇಳು ಮಗಳೆ."

ತೇಜಸ್ವಿನಿ ಅತ್ತೆಯ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ. "ನಂಗೊತ್ತಿಲ್ಲ ಕಣಮ್ಮ. ನಮ್ ಯಜಮಾನ್ರು ಮಾಡಿದ್ದು. ದಿನಾ ಅವ್ರೇ ಮಾಡೋದು."

ಭಾಗ್ಯಮ್ಮನಿಗೆ ನಿಂತ ನೆಲ ಬಾಯಿಬಿಡಬಾರದೇ ಅನಿಸಿತು.

"ಗಂಡ್ಸಾಗಿ ಸೌಟು ಹಿಡಿಯೋದಾ!" ಜವರಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ನಗು ಕೇಳಿದ್ದೇ ಭಾಗ್ಯಮ್ಮನ ನಾಚಿಕೆ ಎಲ್ಲಿ ಹೋಯಿತೋ! "ತಿನ್ನುವಾಗ ಚೆನ್ನಾಗಿತ್ತು ತಾನೆ ಜವರಣ್ಣ? ನಿಮ್ ಎಲೇಲಿ ಸೊಪ್ಪಿನ ಚೂರೂ ಉಳಿದಿಲ್ಲ! ಅದು ನನ್ ಮಗನ್ ಕೈಯಡಿಗೆ. ಸೊಸೆ ದುಡೀತಾಳೆ, ಮಗ ಬೇಯಿಸ್ತಾನೆ, ನಾನು ಆರಾಮಾಗಿ ಉಣ್ತೀನಿ. ಏನೀಗ?"

ಬೀಗಿತ್ತಿ ಗಂಡನನ್ನು ಮೊಣಕೈಯಿಂದ ತಿವಿದಳು. "ಕೇಳಿಸ್ಕೊಂಡ್ರಾ? ಎಲ್ಲಿ, ಆ ಪುಣ್ಯಾತ್ಮನ್ನ ಕರೀರಿ, ನೋಡೋಣ!"

ಸಿದ್ದೇಶ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಬಂದ. ಕಾಯಿ, ಹುರಿದ ಬೆಳ್ಳುಳ್ಳಿ, ಮೆಣಸು ಎಂದು ಅವನು ವಿವರಿಸುತ್ತಿದ್ದರೆ ಬೀಗರೂ ಊಟ ನಿಲ್ಲಿಸಿ ಕೇಳಿದರು.

ತಿಂಗಳು ಕಳೆದಿರಬೇಕು. ಜವರಯ್ಯ ಒಂದು ಕಂತೆ ದಂಟಿನ ಸೊಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಮ್ಮೋಳೂ ಗಾರ್ಮೆಂಟ್ಸ್‌ಗೆ ಸೇರ್ಕಂಡ್ಬುಟ್ಳು ಭಾಗ್ಯಕ್ಕ. ಇದನ್ನ ಎಂಗೆ ಬಸಿಯೋದು ಅಂತ ಸಿದ್ದೇಶನ್ನ ಒಸಿ..."

ಭಾಗ್ಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಬನ್ನಿ, ಬನ್ನಿ ಜವರಣ್ಣ. ಮೊದ್ಲು ಆ ಗ್ರೀಸ್ ಕೈ ತೊಳ್ಕೊಂಡ್ ಬನ್ನಿ."