ಮೂರನೆಯ ಸಾಲಿನ ದನಿ

ಮಂಚದ ಕಬ್ಬಿಣದ ಸರಳಿಗೆ ಒಂದು ಸೈಕಲ್ ಗಂಟೆಯನ್ನು ಬಿಗಿದಿದ್ದೆವು. ನಮ್ಮ ಯಜಮಾನರದೇ ಹಳೆಯ ಸೈಕಲ್ಲಿನದು. ಲಕ್ವಾ ಹೊಡೆದು ಬಲಗಡೆಯ ಮೈಯೂ ಬಾಯೊಳಗಿನ ಮಾತೂ ಒಟ್ಟಿಗೇ ಹೋದ ಮೇಲೆ ಎಡಗೈಯ ಹೆಬ್ಬೆರಳೇ ಅವರ ನಾಲಿಗೆಯಾಯಿತು. ಒಂದು ಸಲ ಬಾರಿಸಿದರೆ ನೀರು ಬೇಕು, ಎರಡು ಸಲವಾದರೆ ಮಗ್ಗುಲು ಬದಲಿಸಬೇಕು, ನಿಲ್ಲದೆ ಬಾರಿಸುತ್ತಿದ್ದರೆ ಸುಮ್ಮನೆ ನಾನು ಹತ್ತಿರ ಹೋಗಿ ಕೂರಬೇಕು. ರೊಟ್ಟಿ ತಟ್ಟುವಾಗಲೂ ಬಚ್ಚಲಲ್ಲಿ ಮೈಮೇಲೆ ನೀರು ಸುರಿದುಕೊಳ್ಳುವಾಗಲೂ ನನ್ನ ಕಿವಿ ಆ ಗಂಟೆಯ ಕಡೆಗೇ ಇರುತ್ತಿತ್ತು. ಬೀದಿಯಲ್ಲಿ ಯಾರದೋ ಸೈಕಲ್ ಹಾದುಹೋದರೂ ದಡಕ್ಕನೆ ಎದ್ದು ನಿಲ್ಲುತ್ತಿದ್ದೆ.

ಹತ್ತಿ ಗಿರಣಿಯ ಗುಮಾಸ್ತ ಗದಿಗೆಪ್ಪ ಎಂದರೆ ಒಂದು ಕಾಲಕ್ಕೆ ಊರಿಗೆಲ್ಲ ಗೊತ್ತಿದ್ದವರು. ಮಾತಿಗೆ ಕೂತರೆ ಎದುರಿಗಿದ್ದವರ ಚಹಾ ಆರಿಹೋಗುತ್ತಿತ್ತು. ಅಂಥವರು ಈಗ ಬಾಯಿ ತೆರೆದರೆ ‘ಬ, ಬ’ ಎಂಬುದರಾಚೆ ಏನೂ ಬರುತ್ತಿರಲಿಲ್ಲ. ಬಾರದಿದ್ದಾಗ ಸಿಟ್ಟು ಬರುತ್ತಿತ್ತು, ಸಿಟ್ಟು ಇಳಿದ ಮೇಲೆ ಕಣ್ಣೀರು. ಎರಡನ್ನೂ ಒರೆಸುವವಳು ನಾನೇ. ನಮಗೆ ಮಕ್ಕಳಿರಲಿಲ್ಲ. ಅವರ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ದಣಿವು ಎಂಬುದು ಪ್ರೀತಿಯನ್ನು ಕೇಳಿಕೊಂಡು ಬರುವುದಿಲ್ಲ.

ನನ್ನ ಮೋರೆ ನೋಡಲಾರದೆ ಪಕ್ಕದ ಮನೆಯ ಕಾಶವ್ವ ಒಂದು ಸಂಜೆ ನನ್ನನ್ನು ಹೊರಗೆ ದಬ್ಬಿದಳು. “ಹೋಗು ಯವ್ವಾ, ಒಂದೀಟು ಗಾಳಿ ಕುಡಿದು ಬಾ. ಇಲ್ಲಿ ನಾ ಕುಂದರ್ತೀನಿ.” ಎಲ್ಲಿಗೆ ಹೋಗಬೇಕೆಂದು ನನಗೆ ತಿಳಿಯಲಿಲ್ಲ. ಔಷಧದ ಅಂಗಡಿಯವರೆಗೆ ನಡೆದೆ. ಬೇರೆ ದಾರಿಯೇ ಮರೆತುಹೋದಂತಿತ್ತು. ಹಿಂದಿರುಗುವಾಗ ವಾಚನಾಲಯದ ಅಟ್ಟದ ಮೇಲಿಂದ ಹತ್ತಾರು ಜನ ಕೂಡಿ ಹಾಡುವುದು ಕೇಳಿಸಿತು. ಹಾಡಿನ ಆಸೆಯಿಂದಲ್ಲ, ಕಾಲು ಸೋತು ಅಲ್ಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಬ್ಬರು ಹಿರಿಯ ಹೆಂಗಸು ಇಣುಕಿದರು. ಕನ್ಯಾಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದ ರುಕ್ಮಾಬಾಯಿ. ಊರ ಹಾಡಿನ ಬಳಗವನ್ನು ಕಟ್ಟಿದವರು.

“ಮೆಟ್ಟಲದಾಗ ಕೂತು ಕೇಳಿದ್ರ ಏನ್ ಬಂತು ತಂಗಿ? ಮ್ಯಾಲ ಬಾ.”

“ನನಗ ಹಾಡಾಕ ಬರೂದಿಲ್ಲರಿ ಬಾಯಾರ.”

“ಇಲ್ಲಿ ಯಾರಿಗೆ ಬರ್ತದ? ಬರೋರೆಲ್ಲ ಬ್ಯಾರೆ ಕಡೆ ಹಾಡ್ತಾರ.”

ಹೀಗೆ ನಾನು ಬಳಗಕ್ಕೆ ಸೇರಿದೆ. ಶುಕ್ರವಾರ ಸಂಜೆ ಗಂಡಸರೂ ಹೆಂಗಸರೂ ಕೂಡಿ ಒಂದು ತಾಸು ಹಾಡುತ್ತಿದ್ದರು, ಅಷ್ಟು ಹೊತ್ತು ಯಜಮಾನರ ಬಳಿ ಕಾಶವ್ವ ಕೂರುತ್ತಿದ್ದಳು. ಬಳೆ ಮಾರುವ ಹಸೀನಾ ಮತ್ತು ಒಬ್ಬ ದರ್ಜಿಯ ಹೆಂಡತಿಯ ನಡುವೆ, ಮೂರನೆಯ ಸಾಲಿನಲ್ಲಿ ನನಗೆ ಜಾಗ ಸಿಕ್ಕಿತು. ಮೊದಮೊದಲು ತುಟಿಯಾಡಿಸುತ್ತಿದ್ದೆನಷ್ಟೆ. ಕೆಳಗೆ ಬೀದಿಯಲ್ಲಿ ಸೈಕಲ್ ಗಂಟೆ ಸದ್ದಾದರೆ ಆ ತುಟಿಯೂ ನಿಲ್ಲುತ್ತಿತ್ತು. ಆಗ ಹಸೀನಾ ಮೊಣಕೈಯಿಂದ ತಿವಿದು, “ನಿಮ್ಮ ಮನಿ ಗಂಟಿ ಅಲ್ರೀ ಅದು. ಹಾಡ್ರಿ” ಎನ್ನುತ್ತಿದ್ದಳು. ದಿನ ಕಳೆದಂತೆ ನನ್ನೊಳಗಿನಿಂದಲೂ ಒಂದು ದನಿ ಹೊರಟಿತು. ಒರಟು ದನಿ. ಆದರೆ ಅಷ್ಟು ಜನರ ನಡುವೆ ಅದು ನನ್ನದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ನನಗೆ ಸುಖವಾಗಿತ್ತು. ಅಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ, ಯಾರಿಗೂ ನನ್ನಿಂದ ಏನೂ ಬೇಕಿರಲಿಲ್ಲ.

ಬಳಗದಲ್ಲಿ ಆಗ ಬೆಳಗಿನ ಹಾಡೊಂದನ್ನು ಕಲಿಸುತ್ತಿದ್ದರು. ಅದರ ಎರಡನೆಯ ಸಾಲು ನನಗೆ ಒಗ್ಗುತ್ತಲೇ ಇರಲಿಲ್ಲ. ಒಂದು ಮುಂಜಾನೆ ಯಜಮಾನರ ಮೈ ಒರೆಸುತ್ತ ಅದನ್ನೇ ಗುನುಗುತ್ತಿದ್ದೆ. “ಬಾಗಿಲ ತೆಗೆಯವ್ವ ಬೆಳಗಾಯಿತು, ಬೀದಿಗೆ ಬಂದಾನ...” ಎಂದು ಎಂದಿನಂತೆ ಅಲ್ಲಿಗೆ ತಡವರಿಸಿದೆ.

“ಬಿಸಿಲಿನ ಮಲ್ಲ” ಎಂದಿತು ಇನ್ನೊಂದು ದನಿ.

ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಹಾಡಿದವರು ಅವರೇ. ದಿನವೂ ನಾನು ತಡವರಿಸಿ ಆಮೇಲೆ ನೆನಪಿಸಿಕೊಂಡು ಹಾಡುತ್ತಿದ್ದುದನ್ನು ಕೇಳಿಕೇಳಿ ಕಲಿತಿದ್ದರೇನೋ, ನಾನು ತಪ್ಪುತ್ತಿದ್ದಲ್ಲಿ ತಪ್ಪದೆ, ಶಬ್ದ ಮುರಿಯದೆ ಹಾಡಿದ್ದರು. ಅವರಿಗೇ ನಂಬಿಕೆಯಾಗದೆ ಕಣ್ಣು ಅಗಲ ಮಾಡಿ ನನ್ನನ್ನು ನೋಡಿದರು. “ಇನ್ನೊಮ್ಮೆ ಅನ್ರಿ” ಎಂದೆ. ಅನ್ನಲು ಹೋದರು, ‘ಬ, ಬ’ ಎಂದಿತು ಬಾಯಿ. ನಾನು ರಾಗ ಎತ್ತಿಕೊಟ್ಟೆ. ರಾಗ ಹಿಡಿದು ಮಾತು ಮತ್ತೆ ಬಂತು. ಇಬ್ಬರೂ ಅತ್ತೆವು. ನಕ್ಕೆವು ಕೂಡ. ಆಮೇಲೆ ಅವರಿಗೆ ಬಾಯಾರಿತು. ನೀರು ಕೇಳಲು ಗಂಟೆಯನ್ನೇ ಬಾರಿಸಬೇಕಾಯಿತು.

ಕಾಶವ್ವನ ಬಾಯಿಂದ ಸುದ್ದಿ ಬೀದಿ ದಾಟಿತು. ಮರುದಿನವೇ ರುಕ್ಮಾಬಾಯಿ ಮನೆಗೆ ಬಂದರು. ಯಜಮಾನರ ಎದುರು ಕುಳಿತು ಒಂದು ಸಾಲು ಹೇಳಿಕೊಟ್ಟು, ಅವರು ತಿರುಗಿ ಹಾಡಿದ್ದನ್ನು ಕೇಳಿ ಕಣ್ಣೊರೆಸಿಕೊಂಡರು. “ಇವರನ್ನ ಬಳಗಕ್ಕ ಕರಕೊಂಡು ಬಾ ತಂಗಿ. ಇವರ ಜಾಗ ಅಲ್ಲೇ ಅದ” ಎಂದರು. ಯಜಮಾನರ ಮುಖ ಅರಳಿತು. ನಾನೂ ನಕ್ಕೆ. ಆದರೆ ಎದೆಯೊಳಗೆ ಏನೋ ತಣ್ಣಗಾಯಿತು.

ಮುಂದಿನ ಸಲ ಬಳಗದ ಗಂಡಸರು ಅವರನ್ನು ಕುರ್ಚಿಯ ಸಮೇತ ಎತ್ತಿ ಅಟ್ಟಕ್ಕೆ ತಂದರು. ಅವರು ಹಾಡಿದರು. ಜನ ಚಪ್ಪಾಳೆ ತಟ್ಟಿದರು. ಹಸೀನಾ ಬಿಕ್ಕಿ ಬಿಕ್ಕಿ ಅತ್ತಳು. ನಾನು ಕುರ್ಚಿಯ ಪಕ್ಕದಲ್ಲಿ ನಿಂತಿದ್ದೆ, ಜೊಲ್ಲು ಒರೆಸಲು, ಜಾರಿದ ಕಾಲನ್ನು ಸರಿಪಡಿಸಲು. ನನ್ನ ಸೆರಗು ಅವರ ಎಡಗೈಯ ಮುಷ್ಟಿಯಲ್ಲಿತ್ತು. ಮೂರನೆಯ ಸಾಲಿನಲ್ಲಿ ನಾನು ನಿಲ್ಲುತ್ತಿದ್ದ ಜಾಗವನ್ನು ಯಾರೋ ಸರಿದು ತುಂಬಿಕೊಂಡಿದ್ದರು. ಅಂದು ನಾನು ಒಂದಕ್ಷರವನ್ನೂ ಹಾಡಲಿಲ್ಲ. “ಪುಣ್ಯವಂತಿ ನೀ” ಎಂದು ಎಲ್ಲರೂ ಹೇಳಿದರು.

ಮರುದಿನ ರುಕ್ಮಾಬಾಯಿಯವರ ಮನೆಗೆ ಹೋದೆ. ಅವರು ಅಕ್ಕಿ ಆರಿಸುತ್ತಿದ್ದರು.

“ನಾ ಇನ್ನ ಬರೂದಿಲ್ಲರಿ ಬಾಯಾರ.”

“ಯಾಕ?”

ಹೇಳಬಾರದೆಂದುಕೊಂಡಿದ್ದೆ. ಬಾಯಿ ಕೇಳಲಿಲ್ಲ. “ಅವರಿಗೆ ದನಿ ಬಂದದ್ದು ನನಗ ಸಂತೋಷ ಐತ್ರಿ, ಸುಳ್ಳಲ್ಲ. ಆದ್ರ ಅದೊಂದು ತಾಸು ನಾ ಯಾರ ಹೇಣ್ತಿನೂ ಆಗಿರಲಿಲ್ಲ. ಮೂರನೇ ಸಾಲಿನ್ಯಾಗ ಒಂದು ದನಿ ಆಗಿದ್ದೆ, ಅಷ್ಟ. ಈಗ ಅದೂ ಹೋತು. ನಾ ಕೆಟ್ಟಾಕಿ ಇರಬೇಕ್ರಿ.”

ರುಕ್ಮಾಬಾಯಿ ಮೊರವನ್ನು ಬದಿಗಿಟ್ಟರು.

“ನಮ್ಮತ್ತಿ ಭಾಳ ವರ್ಷ ಹಾಸಿಗಿ ಹಿಡಿದಿದ್ರು” ಎಂದರು. “ಎಲ್ಲಾ ನಾನೇ ಮಾಡಿದೆ. ಅವರು ಹೋದ ದಿನ ಮನೀ ಮಂದಿಯೆಲ್ಲ ಅಳಲಿಕ್ಕತ್ತಿದ್ರು. ನಾ ಅಡಗಿಮನಿ ಮೂಲ್ಯಾಗ ಗೋಡೆಗೆ ತಲಿ ಆನಿಸಿ ನಿದ್ದಿ ಹೋದೆ. ಈ ಮಾತು ಇವತ್ತಿನತನಕ ಯಾರ ಮುಂದೂ ಹೇಳಿಲ್ಲ.” ಆಮೇಲೆ ನನ್ನ ಕೈ ಹಿಡಿದು, “ಗಂಡಸರಿಗೆ ಮಂಗಳವಾರ ಬ್ಯಾರೇನ ಕಲಿಸ್ತೀನಿ. ನಿನ್ನ ಯಜಮಾನರನ್ನ ಕರಕೊಂಡು ಬರೂ ಹೊಣಿ ನಮ್ಮ ಹುಡುಗರದು. ನಿನ್ನ ಗಂಡ ಅಂತ ಅವರು ಬರೂದು ಬ್ಯಾಡ, ಹಾಡೋರು ಅಂತ ಬರಲಿ. ನೀ ಶುಕ್ರವಾರ ನಿನ್ನ ಸಾಲಿಗೆ ಬಾ” ಎಂದರು.

ಯಜಮಾನರಿಗೆ ಹೇಳುವುದು ಕಷ್ಟವಾಯಿತು. “ಮಂಗಳವಾರ ನಾ ನಿಮ್ಮ ಜೋಡಿ ಬರೂದಿಲ್ಲರಿ” ಎಂದೆ. ಯಾಕೆಂದು ಹುಬ್ಬಿನಲ್ಲೇ ಕೇಳಿದರು. “ನನಗ ದಣಿವಾಗೇತಿ” ಎಂದೆ. ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವರೆದುರು ಆಡಿದ್ದು ಅದೇ ಮೊದಲು. ಅವರ ಹೆಬ್ಬೆರಳು ಗಂಟೆಯ ಮೇಲೆ ಹೋಯಿತು. ಬಾರಿಸಲಿಲ್ಲ. ಅದನ್ನು ಸುಮ್ಮನೆ ಸವರಿ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತಲೆಯಾಡಿಸಿದರು. ಒಪ್ಪಿಗೆಯೋ ನೋವೋ, ನಾನು ಕೆದಕಿ ನೋಡಲಿಲ್ಲ.

ಮಂಗಳವಾರ ಸಂಜೆ ಗಂಡಸರು ಬಂದು ಅವರನ್ನು ಕರೆದೊಯ್ದರು. ಮಂಚ ಬರಿದಾಗಿತ್ತು. ಹಾಸಿಗೆಯನ್ನು ಕೊಡವಬೇಕೆಂದು ಹೊರಟವಳು ಹಾಗೇ ಬಿಟ್ಟು, ನಡುಮನೆಯ ಬರಿ ನೆಲದ ಮೇಲೆ ತೋಳನ್ನೇ ತಲೆದಿಂಬು ಮಾಡಿಕೊಂಡು ಮಲಗಿದೆ. ಎಂಥ ನಿದ್ದೆ ಅದು! ಕನಸೂ ಬೀಳಲಿಲ್ಲ.

ಎಚ್ಚರವಾದಾಗ ಕಿಟಕಿಯಲ್ಲಿ ಕತ್ತಲಾಗತೊಡಗಿತ್ತು. ದೂರದ ತಿರುವಿನಲ್ಲಿ ಗಂಡಸರು ಹಾಡುತ್ತ ಬರುವುದು ಕೇಳಿಸಿತು. ಹೊಸ ಹಾಡು, ನನಗೆ ಗೊತ್ತಿಲ್ಲದ್ದು. ಅಷ್ಟು ಕೊರಳುಗಳಲ್ಲಿ ಅವರದು ಯಾವುದೆಂದು ತಿಳಿಯಲಿಲ್ಲ. ಏಳಬೇಕು, ದೀಪ ಹಚ್ಚಬೇಕು, ಬಾಗಿಲು ತೆಗೆಯಬೇಕು ಎಂದುಕೊಂಡೆ. ನೆಲ ತಣ್ಣಗಿತ್ತು. ಅವರಿನ್ನೂ ಆ ತಿರುವಿನ ಬಾವಿಕಟ್ಟೆಯ ಹತ್ತಿರವಿರಬೇಕು ಎಂದು ಲೆಕ್ಕ ಹಾಕಿ ಮತ್ತೊಮ್ಮೆ ಕಣ್ಣು ಮುಚ್ಚಿದೆ.