ಸತ್ತಂತೆ ಮಲಗುವ ಮೀನು

ವೈಸನ್‌ನನ್ನು ಮಣ್ಣು ಮಾಡಿ ಬಂದವರು ಇನ್ನೂ ಕೈಕಾಲು ತೊಳೆದಿರಲಿಲ್ಲ, ಅಷ್ಟರಲ್ಲೇ ಅವನ ಅಕ್ಕ ಡೊರಿಕಾ ಮನೆಯ ಸಾಮಾನುಗಳ ಮೇಲೆ ಕಣ್ಣಾಡಿಸತೊಡಗಿದ್ದಳು. ಗಂಡ ಸತ್ತ ಮನೆಗೆ ಗಂಡನ ಕಡೆಯವರು ನುಗ್ಗಿ ಸಿಕ್ಕಿದ್ದನ್ನು ಹೊತ್ತೊಯ್ಯುವುದು ಲಿಲೊಂಗ್ವೆ ಪಟ್ಟಣದಲ್ಲಿ ಹೊಸದೇನಲ್ಲ. ಕಾನೂನು ಬೇಡ ಅನ್ನುತ್ತದೆ, ನಿಜ. ಆದರೆ ನಾಚಿಕೆ ಬಿಟ್ಟವರಿಗೆ ಕಾನೂನು ಯಾವ ಲೆಕ್ಕ! ಮಂಚ ಹೋಯಿತು, ಟೀವಿ ಹೋಯಿತು, ವೈಸನ್‌ನ ಹೆಂಡತಿ ಎನೆಲೆಸ್ ತಡೆಯಲಿಲ್ಲ. ಮೀನಿನ ಗಾಜಿನ ತೊಟ್ಟಿಗೆ ಕೈ ಹಾಕಿದಾಗ ಮಾತ್ರ ಅಡ್ಡ ನಿಂತಳು.

"ಅತ್ತಿಗೆ, ಅದೊಂದು ಬಿಟ್ಬಿಡಿ. ನಾವಿಬ್ರೂ ಸೇರಿ ಸಾಕಿದ ಮೀನು."

"ನನ್ನ ತಮ್ಮನ ದುಡ್ಡಿನ ಗಾಜು ಕಣೇ ಅದು. ಸರೋವರದ ದಂಡೇಲಿ ಹುಟ್ಟಿದವಳು ನೀನು, ಬೇಕಾದ್ರೆ ಹೋಗಿ ಹಿಡ್ಕೋ. ಹೇಗೂ ಮೈಯೆಲ್ಲಾ ಅದೇ ವಾಸನೆ!"

ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ಆ ನಗು ಎನೆಲೆಸ್‌ಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಆ ತೊಟ್ಟಿಯ ಮರಳು ಎನೆಲೆಸ್‌ಳ ತವರಾದ ಸೆಂಗಾ ಬೇ ದಂಡೆಯದು, ಗುಹೆಯಂತೆ ಪೇರಿಸಿದ ಕಲ್ಲುಗಳೂ ಅಲ್ಲಿಯವೇ. ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗಲೆಲ್ಲ ವೈಸನ್ ಚೊಂಬಿನಲ್ಲಿ ನೀರು ಮೊಗೆದು ಮೇಲಿನಿಂದ ಸುರಿಯುತ್ತಾ, ಮೀನುಗಳಿಗೆ ಉಸಿರು ಕೊಡುತ್ತಾ ಕೂತಿರುತ್ತಿದ್ದ. ಅದರಲ್ಲೊಂದು ನೀಲಿ ಜೋಡಿ ಅವನ ಪ್ರಾಣ. "ಒಂದಲ್ಲ ಒಂದಿನ ಇವು ಮರಿ ಮಾಡ್ತವೆ, ನೋಡ್ತಿರು," ಅನ್ನುತ್ತಿದ್ದ. ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳಿದ್ದು ಅದನ್ನೇ. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರೂ ಕಾದಿದ್ದು ಆ ಮರಿಗಳಿಗಾಗಿ.

ತೊಟ್ಟಿಯನ್ನು ತನ್ನ ಮನೆಗೆ ಒಯ್ದ ಡೊರಿಕಾ ಮಾಡಿದ ಘನಕಾರ್ಯ ಕೇಳಿ. ನೀರು ಹಳತಾಗಿದೆ ಅಂತ ಅಷ್ಟನ್ನೂ ಚೆಲ್ಲಿದಳು. ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ಸೋಪಿನ ಪುಡಿ ಹಾಕಿ ತಿಕ್ಕಿ, ನಲ್ಲಿ ನೀರು ತುಂಬಿಸಿದಳು. ಪಾತ್ರೆ ತೊಳೆದ ಹಾಗೆ ಮೀನಿನ ಮನೆ ತೊಳೆಯುತ್ತಾರೆಯೇ? ವಾರದೊಳಗೆ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು. ಉಳಿದದ್ದು ಆ ನೀಲಿ ಜೋಡಿ ಒಂದೇ. ತೊಟ್ಟಿ ಬಣಗುಟ್ಟುತ್ತದೆಂದು ಪೇಟೆಯಿಂದ ಬಣ್ಣದ ಬಾಲದ ಪುಟ್ಟ ಗಪ್ಪಿ ಮೀನುಗಳನ್ನು ತಂದು ತುಂಬಿ, ಎನೆಲೆಸ್‌ಗೆ ಫೋನು ಮಾಡಿದಳು. "ವಾರಕ್ಕೊಂದ್ಸಲ ಬಂದು ನೀರು ಬದಲಾಯಿಸಿ ಹೋಗೇ. ನಿಂಗೂ ಹೊತ್ತು ಹೋಗತ್ತೆ."

"ಆಗ್ಲಿ ಅತ್ತಿಗೆ," ಅಂದಳು ಎನೆಲೆಸ್. ಒಪ್ಪಿದ್ದು ಪ್ರೀತಿಯಿಂದಲ್ಲ.

ಮರುದಿನವೇ ಸೆಂಗಾ ಬೇಗೆ ಹೋಗಿ, ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಚಿಕ್ಕಪ್ಪನ ಮಗ ಸೈದಿಯನ್ನು ಕಂಡಳು.

"ಅಣ್ಣಾ, ನಂಗೊಂದು ಕಾಲಿಗೋನೊ ಬೇಕು. ಅಂಗೈಯಷ್ಟಿದ್ರೆ ಸಾಕು."

"ಯಾರ ಮನೆ ಹಾಳು ಮಾಡಕ್ಕೆ ಹೊರಟಿದೀಯೇ?" ಅಂತ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಕಾಲಿಗೋನೊ ಅಂದರೆ ಮಲಗುವವನು. ಮರಳಿನ ಮೇಲೆ ಪಕ್ಕಕ್ಕೆ ಹೊರಳಿ, ಕೊಳೆತ ಹೆಣದಂತೆ ಬಿದ್ದಿರುತ್ತದೆ. ಹೆಣ ಕಚ್ಚಲು ಸಣ್ಣ ಮೀನು ಹತ್ತಿರ ಬಂದರೆ ಒಂದೇ ಗುಟುಕು. ದಂಡೆಯ ಮಕ್ಕಳಿಗೂ ಗೊತ್ತಿರುವ ಕಳ್ಳ ಅದು. ಆದರೆ ಡೆಡ್ಜಾ ಬೆಟ್ಟದ ಮೇಲೆ ಬೆಳೆದ ಡೊರಿಕಾಗೆ ಗೊತ್ತಿದ್ದ ಮೀನು ಸಂತೆಯ ಒಣಮೀನು ಮಾತ್ರ. ಎನೆಲೆಸ್ ತೊಟ್ಟಿಗೆ ಬಿಟ್ಟ ಮಚ್ಚೆ ಮೀನನ್ನು ಕಂಡು "ಚಿರತೆ ಹಾಗಿದೆಯಲ್ಲೇ!" ಅಂತ ಅವಳು ಉಬ್ಬಿಹೋದಳು.

ನಾಲ್ಕು ದಿನಕ್ಕೆ ಫೋನು. "ಏನೇ, ನೀನು ತಂದ ಮೀನು ಸತ್ತು ಬಿದ್ದಿದೆ, ಬಾ!" ಎನೆಲೆಸ್ ಮಿನಿಬಸ್ ಹತ್ತಿ ಹೋಗಿ ನೋಡಿದರೆ ಅದು ಠೀವಿಯಿಂದ ಈಜುತ್ತಿತ್ತು.

"ಎಲ್ಲಿ ಅತ್ತಿಗೆ ಸತ್ತಿದೆ? ನಿಮಗೆಲ್ಲೋ ಭ್ರಮೆ."

ಮತ್ತೆ ಸತ್ತಿತು, ಮತ್ತೆ ಎದ್ದಿತು. ಗಪ್ಪಿಗಳು ಒಂದೊಂದೇ ಮಾಯವಾದವು. ಡೊರಿಕಾಳ ಕಣ್ಣ ಕೆಳಗೆ ಕಪ್ಪು ಇಳಿಯಿತು.

"ನೀಲಿ ಹೆಣ್ಣೂ ಮೇವು ಮುಟ್ತಿಲ್ಲ ಕಣೇ," ಅಂದಳು ಒಂದು ದಿನ.

"ವಯಸ್ಸಾಯ್ತು ಬಿಡಿ." ಎನೆಲೆಸ್ ಅತ್ತ ತಿರುಗಿಯೂ ನೋಡಲಿಲ್ಲ, ಅವಳ ಕಣ್ಣೆಲ್ಲ ಕಾಲಿಗೋನೊ ಮೇಲೆ. ಆಮೇಲೆ ತಣ್ಣಗೆ ಸೇರಿಸಿದಳು, "ವೈಸನ್‌ಗೂ ಹೀಗೇ ಪಕ್ಕಕ್ಕೆ ಹೊರಳಿ ಮಲಗೋ ಅಭ್ಯಾಸ ಇತ್ತಲ್ವಾ ಅತ್ತಿಗೆ?"

ಡೊರಿಕಾ ಚಹಾದ ಕಪ್ಪು ಕೆಳಗಿಟ್ಟು ತಮ್ಮನ ಹೆಸರು ಹಿಡಿದು ಅಳತೊಡಗಿದಳು. ಬಸ್ ನಿಲ್ದಾಣದಲ್ಲಿ ನಿಂತು ಎನೆಲೆಸ್ ಹೆಗಲ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಆಹಾ, ಅಳು, ಚೆನ್ನಾಗಿ ಅಳು ಮಹರಾಯ್ತಿ!

ಒಂದು ಭಾನುವಾರ ಡೊರಿಕಾ ಪಿಕಪ್ ಗಾಡಿಯಲ್ಲಿ ಎನೆಲೆಸ್‌ಳ ಬಾಗಿಲಿಗೆ ಬಂದಳು. ತೊಟ್ಟಿ, ಕಲ್ಲು, ಮರಳು, ಬಕೆಟ್ಟಿನಲ್ಲಿ ಮೀನು, ಎಲ್ಲ ವಾಪಸ್ಸು. ತೊಟ್ಟಿಯನ್ನು ಹಳೆಯ ಜಾಗದಲ್ಲೇ ಇಟ್ಟು, ನೀರು ತುಂಬಿ, ಮೀನು ಬಿಟ್ಟರು. ಎನೆಲೆಸ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಡೊರಿಕಾ ನೆಲದ ಮೇಲೆ ಕೂತಳು. "ತಗೋಳೇ. ನಮ್ಮನ್ನ ಬಿಟ್ಬಿಡು ಅಂತ ನಿನ್ನ ಗಂಡನಿಗೆ ಹೇಳು. ಆ ಮರಿಗಳಾದ್ರೂ ಉಳಿದಿದ್ರೆ ನಾನಿದನ್ನ ಕೊಡ್ತಾನೇ ಇರಲಿಲ್ಲ."

"ಯಾವ ಮರಿ?"

"ನೀಲಿ ಹೆಣ್ಣಿನ ಬಾಯಿಂದ ಬಂದ್ವಲ್ಲೇ, ಎಳ್ಳಿನ ಕಾಳಿನ ಹಾಗೆ, ಒಂದರ ಹಿಂದೊಂದು. ತಮ್ಮನ ಮೀನಿನ ಮಕ್ಕಳು ಅಂತ ಅತ್ತೇಬಿಟ್ಟೆ. ಆ ಸತ್ತ ಮೀನಿನ ಸುತ್ತ ಆಡ್ತಿದ್ವು. ಚಹಾಕ್ಕಿಟ್ಟು ಬರೋದ್ರೊಳಗೆ ಒಂದೂ ಇಲ್ಲ! ಆಗ್ಲೇ ನಂಗೆ ಗೊತ್ತಾಯ್ತು, ಅವನೇ ಕರ್ಕೊಂಡ ಅಂತ."

ಎನೆಲೆಸ್ ತೊಟ್ಟಿಯತ್ತ ತಿರುಗಿದಳು. ಮೊಟ್ಟೆ ಬಾಯಲ್ಲಿಟ್ಟುಕೊಂಡ ತಾಯಿ ಮೇವು ಮುಟ್ಟುವುದಿಲ್ಲ. ದಂಡೆಯ ಹುಡುಗಿ, ಒಂದು ಸಲ ಕತ್ತೆತ್ತಿ ನೋಡಿದ್ದರೆ ತಿಳಿಯುತ್ತಿತ್ತು. ಗದ್ದ ಬತ್ತಿದ ನೀಲಿ ಹೆಣ್ಣು ಕಲ್ಲಿನ ಸಂದಿಯಲ್ಲಿ ಅವಿತಿತ್ತು. ಕಾಲಿಗೋನೊ ಹೊಟ್ಟೆ ದುಂಡಗೆ ಮಾಡಿಕೊಂಡು ಮರಳಿನ ಮೇಲೆ ಪಕ್ಕಕ್ಕೆ ಬಿದ್ದಿತ್ತು.

"ನೋಡು, ಮತ್ತೆ ಸತ್ತಿದೆ," ಡೊರಿಕಾ ಪಿಸುಗುಟ್ಟಿದಳು.

ಎನೆಲೆಸ್ ಮೊಣಕೈವರೆಗೆ ಕೈ ಇಳಿಬಿಟ್ಟು ಅದನ್ನು ಹಿಡಿದೆತ್ತಿದಳು. ಅದು ಪಟಪಟನೆ ಬಡಿದಾಡಿತು. ಒಲೆಯ ಕಲ್ಲಿಗೆ ಒಂದೇ ಸಲ ಅಪ್ಪಳಿಸಿದಳು.

"ಈಗ ಸತ್ತಿತು ಅತ್ತಿಗೆ."

"ಅಯ್ಯಯ್ಯೋ, ನನ್ನ ತಮ್ಮಾ!"

"ಕೂತ್ಕೊಳ್ಳಿ, ನ್ಸಿಮಾ ಮುದ್ದೆ ತೊಳಸ್ತೀನಿ. ಇದನ್ನ ಸಾಕಿದ್ದು ನಾವಿಬ್ರೂ ಸೇರಿ. ತಿನ್ನೋದೂ ಇಬ್ರೂ ಸೇರಿಯೇ."

ಡೊರಿಕಾ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಎನೆಲೆಸ್ ಎಣ್ಣೆ ಕಾಯಿಸಿ ಮೀನು ಕರಿದಳು. ತೊಟ್ಟಿಗೆ ಬೆನ್ನು ಹಾಕಿ ಕೂತು ತಲೆ, ಮುಳ್ಳು ಏನೂ ಬಿಡದೆ ಒಬ್ಬಳೇ ತಿಂದಳು.