ಹಸಿರು ದೀಪದ ಸರದಿ

ತುಮರಿಯಿಂದಾಚೆ, ಹಿನ್ನೀರಿನ ಅಂಚಿನ ಆ ಕೇರಿಗೆ ಹೊರಗಿನ ಕರೆಂಟಿನ ತಂತಿ ಬಂದಿಲ್ಲ. ಬಯಲಲ್ಲಿ ಸೋಲಾರ್ ಪ್ಯಾನೆಲ್ಲು, ಶೆಡ್ಡಿನಲ್ಲಿ ಬ್ಯಾಟರಿ, ಅಲ್ಲಿಂದ ಮನೆಮನೆಗೆ ತಂತಿ. ಅಷ್ಟೇ ಅವರ ಪ್ರಪಂಚ. ಆ ಪ್ರಪಂಚ ದಿನಾ ಮಧ್ಯಾಹ್ನ ಟ್ರಿಪ್ ಆಗಿ ಆರಿಹೋಗುತ್ತಿತ್ತು. ತಪ್ಪು ಸ್ವಪ್ನಾಳ ಹಿಟ್ಟಿನ ಗಿರಣಿಯದೆಂದು ಎಲ್ಲರೂ ತೀರ್ಮಾನಿಸಿಯಾಗಿತ್ತು.

ಸಮಿತಿಯ ಯಜಮಾನ ಜಟ್ಟಿಂಗಪ್ಪ ಕಟಿಂಗ್ ಪ್ಲೇಯರ್ ಹಿಡಿದೇ ಬಂದಿದ್ದ. "ಇವತ್ತೂ ಹೋಯ್ತೋ, ಗಿರಣಿ ಲೈನು ಕಿತ್ತಾಕ್ತೀನಿ ನೋಡು."

"ಕೀಳಿ ಮಾವ. ಆಮೇಲೆ ಅಕ್ಕಿಹಿಟ್ಟು ಬೇಕಾದ್ರೆ ನಿಮ್ಮ ಮೀಸೆಯಿಂದ ಬೀಸ್ಕೊಳ್ಳಿ," ಎಂದಳು ಸ್ವಪ್ನಾ. ಬಾಯಿ ಹಾಗೆಂದರೂ ಕಣ್ಣು ಪ್ಲೇಯರ್ ಮೇಲೇ ಇತ್ತು. ಗಿರಣಿ ಹೋದರೆ ಮತ್ತೆ ಕಂಡವರ ತೋಟದಲ್ಲಿ ಕೂಲಿಯೇ ಗತಿ.

ಸಾಗರದಿಂದ ಬಂದಿದ್ದ ಇಂಜಿನಿಯರ್ ವಿನಯಾ ಗಿರಣಿಯಲ್ಲೇ ಸ್ಟೂಲು ಹಾಕಿ ಕೂತಳು. ಬಿಸಿಲೇರಿ ಬ್ಯಾಟರಿ ತುಂಬಿದ ಮೇಲೆ, ಮೋಟಾರು ನಡೆಸುವ ಮನೆಗಳಿಗೆ ಒಂದರ ಹಿಂದೊಂದು ಹಸಿರು ದೀಪ ಹತ್ತುವಂತೆ ಅವಳೇ ಸರದಿ ಕೂರಿಸಿದ್ದಳು. ದೀಪ ಹತ್ತುವ ತನಕ ಪಂಪು, ಗ್ರೈಂಡರು ಏನೂ ತಿರುಗುವುದಿಲ್ಲ. ಎಲ್ಲ ಮೋಟಾರೂ ಒಂದೇ ಏಟಿಗೆ ಎದ್ದರೆ ತಡೆಯುವ ಶಕ್ತಿ ಶೆಡ್ಡಿಗಿಲ್ಲ. ದೊಡ್ಡ ಮೋಟಾರಿನ ಗಿರಣಿಗೆ ಮೊದಲ ಸರದಿ. ಒಂದು ಪುಟ್ಟ ಗ್ರೈಂಡರಿನ ಬಂಗಾರಮ್ಮನಿಗೆ ಕಟ್ಟಕಡೆಯದು.

ಗಿರಣಿಯ ದೀಪ ಹತ್ತಿತು. ಸ್ವಪ್ನಾ ಮೊರದಲ್ಲಿ ಅಕ್ಕಿ ಕೇರುತ್ತಲೇ ಇದ್ದಳು.

"ಹಾಕಲ್ವಾ?"

"ಹಾಕ್ತೀನಿ ಮೇಡಂ, ತಡೀರಿ."

ಅಕ್ಕಪಕ್ಕದ ಮನೆಗಳ ದೀಪಗಳೂ ಹತ್ತಿದವು. ಒಂದು ಪಂಪೂ ಕೆಮ್ಮಲಿಲ್ಲ. ಕೊನೆಗೆ ಬಂಗಾರಮ್ಮನ ಅಡುಗೆಮನೆಯಿಂದ ಗ್ರೈಂಡರು ಗುರ್ರೆಂದಿತು. ಸ್ವಪ್ನಾ ಸ್ವಿಚ್ಚು ಒತ್ತಿದಳು. ಆ ಕ್ಷಣಕ್ಕೇ ಕೇರಿಯ ಪಂಪುಗಳೆಲ್ಲ ಎದ್ದವು, ಕರೆಂಟು ಹೋಗಿ ಎದ್ದಷ್ಟೇ ಬೇಗ ಮಲಗಿದವು.

"ನೋಡಿದ್ರಾ ಮೇಡಂ?" ಪಕ್ಕದ ತನ್ನ ಮನೆಯಿಂದ ಓಡಿಬಂದ ಜಟ್ಟಿಂಗಪ್ಪ ಪ್ಲೇಯರ್ ಎತ್ತಿದ.

"ನಿಲ್ಲಿ," ಎಂದಳು ವಿನಯಾ. "ನಿಮ್ಮ ಪಂಪು ಯಾವಾಗ ಹಾಕಿದ್ರಿ?"

"ಬಂಗಾರಕ್ಕ ಶುರು ಮಾಡಿದ ಮೇಲೆ. ಊರಿಗೇ ಹಿರೇರು. ಅವ್ರು ತುತ್ತೆತ್ತೋಕೆ ಮುಂಚೆ ಯಾರಾದ್ರೂ ಎಲೆಗೆ ಕೈ ಹಾಕ್ತಾರಾ?"

"ಇದು ಪಂಪು, ಜಟ್ಟಿಂಗಪ್ಪನೋರೇ. ಪಾಯಸ ಅಲ್ಲ."

ಸ್ವಪ್ನಾ ನಾಲಿಗೆ ಕಚ್ಚಿಕೊಂಡಳು. ಅವಳೂ ದಿನಾ ಕಾದದ್ದು ಆ ಗುರ್ ಸದ್ದಿಗೇ.

ಅಷ್ಟರಲ್ಲಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಬಂಗಾರಮ್ಮ ಬಂದಳು. ವಿಷಯ ಕೇಳಿ ಸೊಂಟಕ್ಕೆ ಕೈ ಕೊಟ್ಟಳು. "ಅಲ್ಲ ಕಣ್ರೋ, ನಾನು ಉಪ್ಪು ಕೇಳಿದ್ರೆ ಒಬ್ರೂ ತಿರುಗಿ ನೋಡಲ್ಲ. ಮರ್ಯಾದೆ ಎಲ್ಲಾ ನನ್ನ ಗ್ರೈಂಡರಿಗಾ?"

ವಿನಯಾ ಶೆಡ್ಡಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಸರದಿ ತಿದ್ದಿದಳು: ಬಂಗಾರಮ್ಮ ಮೊದಲು, ಆಮೇಲೆ ಗಿರಣಿ, ಉಳಿದವರು ಅದರ ಹಿಂದೆ. ಕರೆಂಟು ಮರಳಿತು, ಬಂಗಾರಮ್ಮ ಮನೆಗೆ ಮರಳಿದಳು. ಗ್ರೈಂಡರು ಗುರ್ರೆಂದಿತು. ಜಟ್ಟಿಂಗಪ್ಪ ಮನೆಗೆ ಓಡಿ ಪಂಪಿನ ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ. ದೀಪ ಹತ್ತದೆ ಪಂಪು ಅಲುಗಲಿಲ್ಲ.

ಗಿರಣಿಯಲ್ಲಿ ಹಸಿರು ಹತ್ತಿತು. ಸ್ವಪ್ನಾ ಸ್ವಿಚ್ಚು ಒತ್ತಿದಳು. ಬೆಲ್ಟು ಜಗ್ಗಿತು, ಕಲ್ಲು ತಿರುಗಿತು. ತಲೆಯ ಮೇಲಿನ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ನಿಂತಿತು. ಬೆಳ್ಳನೆಯ ಹಿಟ್ಟು ಡಬ್ಬಿಗೆ ಬೀಳತೊಡಗಿತು.

"ನಂದ್ಯಾವಾಗ?" ಜಟ್ಟಿಂಗಪ್ಪ ಅಂಗಳದಿಂದಲೇ ಕೂಗಿದ.

"ಬರ್ತದೆ ಮಾವ, ಕೂತ್ಕೊಳ್ಳಿ," ಎಂದಳು ಸ್ವಪ್ನಾ. "ಹೆಂಗಸರ ಪಂಕ್ತಿ ಮುಗೀಲಿ."